ಟೋಪೋ ಸಾರ್ಟ್‌ಗೆ ಮಿನ್ ಹೀಪ್ ಹಾಕಿದ್ರೂ ರಾಂಗ್ ಆನ್ಸರ್ ಬರ್ತೈತೆ, ಎಲ್ಲಿ ಎಡವಿದೀನಿ ನೋಡ್ರಪ್ಪಾ

ಹದಡಿರೋಡ್_ಹುಡ್ಗ
ಎಲ್ರಿಗೂ ನಮಸ್ಕಾರ. ದಾವಣಗೆರೆಯವ್ನು, ಸಿಎಸ್ ಏಳನೇ ಸೆಮ್. ಕಳೆದ ವಾರ ಒಂದು ಕಂಪನಿದು ಆನ್‌ಲೈನ್ ಟೆಸ್ಟ್ ಬರೆದೆ, ಹೆಸ್ರು ಬೇಡ, ಮೂರು ಪ್ರಶ್ನೆ ಇತ್ತು, ಮೊದ್ಲೆರಡು ಆರಾಮಾಗಿ ಆಯ್ತು, ಮೂರನೇದು ನೋಡಿದ ತಕ್ಷಣ ಓಹೋ ಇದು ಟೋಪಲಾಜಿಕಲ್ ಸಾರ್ಟು (ಯಾವ್ದು ಮುಂಚೆ ಯಾವ್ದು ಆಮೇಲೆ ಅನ್ನೋ ಷರತ್ತು ಮುರೀದೇ ಸಾಲಾಗಿ ಜೋಡ್ಸೋದು) ಅಂತ ಖುಷಿಯಾಗಿ ಹತ್ತೇ ನಿಮಿಷದಲ್ಲಿ ಬರೆದು ಸಬ್ಮಿಟ್ ಕೊಟ್ರೆ 15 ಟೆಸ್ಟ್ ಕೇಸಲ್ಲಿ 4 ಪಾಸು. ಉಳಿದ ಟೈಮೆಲ್ಲ ಅದ್ರಲ್ಲೇ ಹೋಯ್ತು, 4 ಅನ್ನೋದು 5 ಆಗ್ಲಿಲ್ಲ. ಹೊರಗೆ ಬಂದು ಫ್ರೆಂಡ್ಸ್ ಹತ್ರ ಕೇಳಿದ್ರೆ ಅವ್ರೂ ಅದೇ ಬರೆದಿದ್ರು, ಅವ್ರಿಗೂ 4.

ನೆನಪಿದ್ದಷ್ಟು ಪ್ರಶ್ನೆ ಹಿಂಗಿತ್ತು. ಎನ್ ಕೆಲ್ಸ ಅವೆ, 1ರಿಂದ ಎನ್‌ವರೆಗೆ ನಂಬರ್. "ಈ ಕೆಲ್ಸ ಮುಗಿದ ಮೇಲೇ ಆ ಕೆಲ್ಸ" ಅಂತ ಎಮ್ ಷರತ್ತು. ದಿನಕ್ಕೆ ಒಂದೇ ಕೆಲ್ಸ. ಷರತ್ತೆಲ್ಲ ಉಳಿಸ್ಕೊಂಡು 1ನೇ ಕೆಲ್ಸ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಆಗ್ಬೇಕು, ಅದು ಕೆಡದಂಗೆ 2ನೇದು ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ, ಅದಾದ್ಮೇಲೆ 3ನೇದು, ಹಿಂಗೇ ಕೊನೆವರ್ಗೂ. ಎನ್ 1 ಲಕ್ಷದವರೆಗೆ, ಎಮ್ 2 ಲಕ್ಷ.

ನಾನ್ ಮಾಡಿದ್ದು: ಇನ್‌ಡಿಗ್ರಿ, ಅಂದ್ರೆ ಪ್ರತಿ ಕೆಲ್ಸಕ್ಕೂ ಮುಂಚೆ ಆಗ್ಬೇಕಾದವು ಎಷ್ಟು ಅಂತ ಎಣಿಸಿ, ಸೊನ್ನೆ ಇರೋವನ್ನೆಲ್ಲ ಮಿನ್ ಹೀಪ್‌ಗೆ (ಯಾವಾಗ್ಲೂ ಅತಿ ಚಿಕ್ಕದನ್ನೇ ಮೊದ್ಲು ಕೊಡೋ ಡಬ್ಬಿ) ಹಾಕಿ, ಚಿಕ್ಕ ನಂಬರ್ ತೆಗೆದು ಬರ್ಕೊಂಡು, ಅದರ ಎಡ್ಜ್, ಅಂದ್ರೆ ಅದರಿಂದ ಹೊರಡೋ ಷರತ್ತಿನ ಬಾಣ ಕಡಿದು, ಹೊಸದಾಗಿ ಸೊನ್ನೆ ಆದವನ್ನ ಮತ್ತೆ ಹೀಪ್‌ಗೆ ಹಾಕೋದು. ಯಾವಾಗ್ಲೂ ಕೈಗೆ ಸಿಗೋ ಚಿಕ್ಕದನ್ನೇ ತಗೊಂತಿದೀನಿ ಅಂದ್ಮೇಲೆ ಚಿಕ್ಕವು ಬೇಗ ಬರ್ಲೇಬೇಕಲ್ವಾ? ಎರಡು ದಿನದಿಂದ ತಲೆ ಕೆಟ್ಟೋಗೈತೆ.

ಬಾತಿಗುಡ್ಡ
ಸೈಕಲ್, ಅಂದ್ರೆ ಇದು ಅದಕ್ಕೆ ಅದು ಇದಕ್ಕೆ ಅಂತ ಸುತ್ತಿ ಕಾಯೋ ಷರತ್ತು ಇದ್ರೆ ಏನ್ ಪ್ರಿಂಟ್ ಮಾಡ್ಬೇಕು ಅಂತಿತ್ತಾ? ಹೀಪಿಂದ ತೆಗೆದ ಲೆಕ್ಕ ಎನ್‌ಗಿಂತ ಕಮ್ಮಿ ಬಂದ್ರೆ ಸೈಕಲ್ ಐತೆ ಅಂತ ಅರ್ಥ, ಅದನ್ನ ಬಿಟ್ಟಿರ್ಬೇಕು ನೀನು.

ಹದಡಿರೋಡ್_ಹುಡ್ಗ
ಇಲ್ಲ ಅಣ್ಣ, ಸೈಕಲ್ ಇರಲ್ಲ ಅಂತ ಪ್ರಶ್ನೆಲೇ ಕೊಟ್ಟಿದ್ರು.

ಖಾರ_ಮಂಡಕ್ಕಿ
4 ಪಾಸ್ ಆಗಿದ್ದೇ ದೊಡ್ಡದು ಬಿಡು, ನಂದು ಎರಡನೇ ಪ್ರಶ್ನೆಲೇ ಹೋಯ್ತು 😭 ಮೂರನೇದು ಓದೂ ಇಲ್ಲ

ಏಳುಸುತ್ತು
ದುರ್ಗದಿಂದ. ತಮ್ಮಾ, ಎನ್ = 3, ಒಂದೇ ಎಡ್ಜ್ 3 → 1 (3 ಮುಗಿದ ಮೇಲೇ 1) ಹಾಕಿ ನಿನ್ ಕೋಡನ್ನ ಕೈಯಲ್ಲೇ ಓಡಿಸಿ ನೋಡು, ಪೇಪರ್ ಮೇಲೆ. ಏನ್ ಬಂತು ಅಂತ ಇಲ್ಲಿ ಹಾಕು.

ಹದಡಿರೋಡ್_ಹುಡ್ಗ
ಶುರುವಲ್ಲಿ ಹೀಪಲ್ಲಿ 2, 3 ಇರ್ತವೆ. 2 ತೆಗೀತೀನಿ. ಆಮೇಲೆ 3. ಆಮೇಲೆ 1. ಅಂದ್ರೆ 2 3 1. ಇದಕ್ಕಿಂತ ಚಿಕ್ಕದು ಯಾವ್ದು ಬರುತ್ತೆ? ಮೊದ್ಲನೇ ಜಾಗದಲ್ಲಿ 1 ಬರೋಕಾಗಲ್ಲ, 2ಕ್ಕಿಂತ ಚಿಕ್ಕದಿಲ್ಲ.

ಏಳುಸುತ್ತು
1ನೇ ಕೆಲ್ಸ ಎಷ್ಟನೇ ದಿನ ಆಯ್ತು? ಮೂರನೇ ದಿನ. ಈಗ 3 1 2 ಅಂತ ಮಾಡು. 1ನೇದು ಎರಡನೇ ದಿನಕ್ಕೇ ಮುಗೀತು. ಪ್ರಶ್ನೆ ಕೇಳಿದ್ದು ಅದನ್ನ.

ನೀನ್ ಬರೆದಿದ್ದು ತಪ್ಪಲ್ಲ, ಬೇರೆ ಪ್ರಶ್ನೆಗೆ ಸರಿ ಉತ್ತರ ಅದು. "ಮೊದ್ಲನೇ ದಿನ ಯಾವ ಕೆಲ್ಸ, ಎರಡನೇ ದಿನ ಯಾವ ಕೆಲ್ಸ" ಅಂತ ಸಾಲಾಗಿ ಬರೆದ್ರೆ ಆ ಸಾಲು ಡಿಕ್ಷನರಿ ಲೆಕ್ಕದಲ್ಲಿ ಚಿಕ್ಕದಿರ್ಬೇಕು ಅಂದ್ರೆ ಮಿನ್ ಹೀಪ್ ಕಣ್ಮುಚ್ಚಿ ಹಾಕ್ಬಹುದು. ಆದ್ರೆ ಇಲ್ಲಿ ಕೇಳಿರೋದು "1ನೇ ಕೆಲ್ಸ ಯಾವ ದಿನ, 2ನೇ ಕೆಲ್ಸ ಯಾವ ದಿನ" ಅನ್ನೋ ಸಾಲು ಚಿಕ್ಕದಾಗ್ಬೇಕು ಅಂತ. ಒಂದು ದಿನದಿಂದ ಕೆಲ್ಸಕ್ಕೆ, ಇನ್ನೊಂದು ಕೆಲ್ಸದಿಂದ ದಿನಕ್ಕೆ. ನಿಂದು 2 3 1, ದಿನದ ಲೆಕ್ಕದಲ್ಲಿ ಬರೆದ್ರೆ 3 1 2 ಆಗುತ್ತೆ. ನಂದು 3 1 2, ದಿನದ ಲೆಕ್ಕದಲ್ಲಿ 2 3 1. ಎರಡನ್ನೂ ಅಕ್ಕಪಕ್ಕ ಬರೆದು ನೋಡು, ಉಲ್ಟಾ ಪಲ್ಟಾ. ಅದಕ್ಕೇ ಎಲ್ರೂ ಇದ್ರಲ್ಲಿ ಬೀಳೋದು, ನಾನೂ ಬಿದ್ದೀನಿ.

ರಿಕರ್ಶನ್_ರಾಣಿ
ಹೌದು ಇದು ಸಿಎಸ್ಇಎಸ್ ಅನ್ನೋ ಕೋಡಿಂಗ್ ಪ್ರಾಕ್ಟೀಸ್ ಸೈಟ್‌ನಲ್ಲಿ ಇರೋ ಕೋರ್ಸ್ ಶೆಡ್ಯೂಲ್ 2 ಕಣ್ರೋ, ಅಲ್ಲೂ 1 ಲಕ್ಷ ಕೋರ್ಸು 2 ಲಕ್ಷ ಷರತ್ತು. ತಮಾಷೆ ಏನಂದ್ರೆ ಅಂಥದೇ ಇನ್ನೊಂದು ಸೈಟ್ ಲೀಟ್‌ಕೋಡಲ್ಲೂ 210ನೇದು ಕೋರ್ಸ್ ಶೆಡ್ಯೂಲ್ 2 ಅಂತಾನೇ ಹೆಸ್ರು, ಅಲ್ಲಿ ಷರತ್ತು ಮುರೀದೇ ಇರೋ ಯಾವ ಆರ್ಡರ್ ಕೊಟ್ರೂ ತಗೊಂತಾರೆ. ಅದನ್ನ ಮಾಡಿದೀನಿ ಇದೂ ಅದೇ ಇರ್ಬೇಕು ಅಂತ ಹೋದ್ರೆ ಮುಗೀತು ಕಥೆ.

ನಂದೊಂದು ಐಡಿಯಾ. ಡಿಎಫ್ಎಸ್, ಅಂದ್ರೆ ಒಂದೇ ದಾರೀಲಿ ಕೊನೆವರ್ಗೂ ಒಳಗೆ ಹೋಗಿ ವಾಪಸ್ ಬರೋದು. 1ರಿಂದ ಶುರು, 1ಕ್ಕೆ ಮುಂಚೆ ಆಗ್ಬೇಕಾದವನ್ನ ಚಿಕ್ಕ ನಂಬರಿಂದ ದೊಡ್ಡ ನಂಬರಿಗೆ ಸಾರ್ಟ್ ಮಾಡಿ ಒಂದೊಂದಾಗಿ ಒಳಗೆ ಹೋಗಿ ಮುಗಿಸಿ ಬರೋದು, ಕೊನೆಗೆ 1 ಬರೆಯೋದು. ಆಮೇಲೆ 2ರಿಂದ. 1ಕ್ಕೆ ಬೇಕಾಗಿದ್ದಷ್ಟನ್ನೇ ಮಾಡ್ತೀವಿ, ದಂಡಕ್ಕೆ ಬೇರೆ ಕೆಲ್ಸ ಮುಟ್ಟಲ್ಲ. ಆಗ್ಬೇಕಲ್ಲ?

ಏಳುಸುತ್ತು
1ರ ಮಟ್ಟಿಗೆ ಸರಿ, 2ರ ಹತ್ರ ಒಡೆಯುತ್ತೆ ಅಕ್ಕಾ. 3 → 1, 4 → 1, 2 → 4 ಹಾಕಿ ನೋಡ್ರಿ. ನಿಮ್ಮದು 1ರ ಹಿಂದೆ 3 ಮತ್ತೆ 4 ನೋಡುತ್ತೆ, ಚಿಕ್ಕದು ಅಂತ 3 ಮೊದ್ಲು ಬರೆಯುತ್ತೆ, ಆಮೇಲೆ 4ರ ಒಳಗೆ ಹೋದಾಗ 2 ಸಿಗುತ್ತೆ. 3 2 4 1. ಆದ್ರೆ 2 3 4 1 ಮಾಡ್ಬಹುದಿತ್ತು, 1 ಅಲ್ಲೇ ಇರ್ತಿತ್ತು, 2 ಒಂದು ದಿನ ಮುಂಚೆ ಬರ್ತಿತ್ತು. 4ರ ಹೊಟ್ಟೇಲಿ 2 ಐತೆ ಅಂತ 3 ಬರೆಯುವಾಗ ನಿಮ್ಮ ಕೋಡಿಗೆ ಗೊತ್ತಿರಲ್ಲ.

ಬಾತಿಗುಡ್ಡ
ಹಂಗಾದ್ರೆ ಗೊತ್ತಾಗೋ ಹಂಗೆ ಮಾಡೋಣ. ಪ್ರತಿ ನೋಡಿಗೂ (ಅಂದ್ರೆ ಕೆಲ್ಸಕ್ಕೂ) ಅದ್ರಿಂದ ಬಾಣ ಹಿಡ್ಕೊಂಡು ಮುಂದೆ ಯಾವ್ಯಾವ ನೋಡ್ ಮುಟ್ಬಹುದೋ ಅದ್ರಲ್ಲಿ ಅತಿ ಚಿಕ್ಕ ನಂಬರ್ ಯಾವ್ದು ಅಂತ ಮೊದ್ಲೇ ಲೆಕ್ಕ ಹಾಕಿಟ್ಕೊಂಡು, ಆ ನಂಬರ್ ಮೇಲೆ ಮಿನ್ ಹೀಪ್. ಸಮ ಬಂದ್ರೆ ಸ್ವಂತ ನಂಬರ್ ನೋಡೋದು. ಹೋದ ವರ್ಷ ಒಂದು ಇಂಟರ್ವ್ಯೂನಲ್ಲಿ ಇದನ್ನೇ ಹೇಳಿದ್ದೆ, ಅವ್ರೂ ತಲೆ ಆಡ್ಸಿದ್ರು.

ಏಳುಸುತ್ತು
ತಲೆ ಆಡ್ಸಿದ್ರು ಅಂದ್ರೆ ಒಪ್ಪಿದ್ರು ಅಂತಲ್ಲ ಅಣ್ಣಾ 😄

4 → 2, 2 → 1, 3 → 1. ಇಲ್ಲಿ ನಾಲ್ಕೂ ನೋಡಿಂದ 1 ಮುಟ್ಬಹುದು, ಹಂಗಾಗಿ ನಾಲ್ಕೂ ನೋಡಿನ ಆ ಚಿಕ್ಕ ನಂಬರ್ 1. ಎಲ್ಲಾ ಸಮ. ಶುರುವಲ್ಲಿ 3, 4 ಖಾಲಿ (ಮುಂಚೆ ಆಗ್ಬೇಕಾದ್ದು ಏನಿಲ್ಲ), ಸಮ ಬಂತು ಅಂತ ಸ್ವಂತ ನಂಬರ್ ನೋಡಿ 3 ತೆಗೀತೀರಿ. 3 4 2 1. 2ನೇದು ಮೂರನೇ ದಿನ. ಸರಿ ಉತ್ತರ 4 2 3 1, 2ನೇದು ಎರಡನೇ ದಿನ. ಎರಡನೇ ಚಿಕ್ಕದನ್ನೂ ಇಟ್ಕೊಂತೀನಿ, ಮೂರನೇದನ್ನೂ ಇಟ್ಕೊಂತೀನಿ ಅಂತ ಹೊರಟ್ರೆ ಕೊನೆಗೆ ಪ್ರತಿ ನೋಡ್ ಹತ್ರಾನೂ ಎನ್ ಉದ್ದದ ಪಟ್ಟಿ ಆಗುತ್ತೆ, 1 ಲಕ್ಷಕ್ಕೆ ಅದು ನಡೆಯಲ್ಲ.

ಹದಡಿರೋಡ್_ಹುಡ್ಗ
ಸರಿ ಎಲ್ರ ಐಡಿಯಾನೂ ಒಡೀತಿದೀರಿ, ಹಂಗಾರೆ ಆಗೋದು ಯಾವ್ದು ಹೇಳ್ರಿ 🙏

ಭಟ್ಟಿ_ಮನೆ
ನಾನ್ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡ್ರಿ.

ನಮ್ಮನೇದು ದಾವಣಗೆರೇಲಿ ಮಂಡಕ್ಕಿ ಭಟ್ಟಿ, ನಾನ್ ಬೆಂಗಳೂರಿಗೆ ಬಂದು ಎಂಟು ವರ್ಷ ಆಯ್ತು, ಈಗ ಚಿಕ್ಕಪ್ಪ ನೋಡ್ಕೊಂತಾರೆ. ಭತ್ತ ನೆನೆಹಾಕ್ಬೇಕು, ಬೇಯಿಸ್ಬೇಕು, ಅಂಗಳದಲ್ಲಿ ಹರವಿ ಒಣಗಿಸ್ಬೇಕು, ಮಿಲ್ಲಿಗೆ ಹಾಕಿ ಅಕ್ಕಿ ಮಾಡಿಸ್ಬೇಕು, ಅಕ್ಕಿಗೆ ಉಪ್ಪುನೀರು ಹಿಡಿಸ್ಬೇಕು, ಕಾದ ಮರಳಲ್ಲಿ ಹುರೀಬೇಕು, ಜರಡಿ ಹಿಡಿದು ಚೀಲ ತುಂಬ್ಬೇಕು. ಇದು ಒಂದರ ಹಿಂದೆ ಒಂದು, ತಲೆ ಓಡ್ಸೋದೇನಿಲ್ಲ. ಆದ್ರೆ ಒಲೆ ಹಚ್ಚಿ ಮರಳು ಕಾಯ್ಸೋದೈತಲ್ಲ, ಅದು ಈ ಸಾಲಲ್ಲಿ ಬರಲ್ಲ. ಅದಕ್ಕೆ ಮುಂಚೆ ಆಗ್ಬೇಕಾದ್ದು ಏನೂ ಇಲ್ಲ, ನಸುಕಲ್ಲೇ ಹಚ್ಬಹುದು. ಚಿಕ್ಕೋನಿದ್ದಾಗ ಒಂದ್ಸಲ ಅಜ್ಜ ಊರಲ್ಲಿ ಇರ್ಲಿಲ್ಲ, ನಾನು ಶ್ಯಾಣ್ಯಾನಂಗೆ ಎದ್ದ ತಕ್ಷಣ ಹಚ್ಚಿಬಿಟ್ಟೆ, ಕೈ ಖಾಲಿ ಐತಲ್ಲ ಅಂತ. ಅಕ್ಕಿ ಮಿಲ್ಲಿಂದ ಬರೋದ್ರೊಳಗೆ ರಾಶಿ ಹಾಕಿದ್ದ ಹೊಟ್ಟು ಅರ್ಧ ಉರಿದು ಹೋಗಿತ್ತು. ಬಂದು ಬೈದ್ರು ನೋಡ್ರಿ. ಅವ್ರ ಲೆಕ್ಕ ಯಾವಾಗ್ಲೂ ಸಂಜೆಯಿಂದ ಹಿಂದಕ್ಕೆ. ಗಾಡಿ ಇಷ್ಟೊತ್ತಿಗೆ ಬರುತ್ತೆ, ಅಂದ್ರೆ ಚೀಲ ಇಷ್ಟೊತ್ತಿಗೆ, ಅಂದ್ರೆ ಹುರಿಯೋದು ಇಷ್ಟೊತ್ತಿಗೆ, ಅಂದ್ರೆ ಒಲೆ ಇಷ್ಟೊತ್ತಿಗೆ. "ಈಗ ಏನ್ ಮಾಡ್ಬಹುದು" ಅಂತ ಅವ್ರು ಕೇಳ್ತಾನೇ ಇರ್ಲಿಲ್ಲ, "ಕೊನೆಗೆ ಏನ್ ಉಳಿಸ್ಬಹುದು" ಅಂತ ಕೇಳೋರು.

ನಿನ್ ಪ್ರಾಬ್ಲಮ್ಮೂ ಹಂಗೇ ಮಾಡು ತಮ್ಮಾ. ಎಡ್ಜೆಲ್ಲ ಉಲ್ಟಾ ಮಾಡು. ಈಗ ಯಾರೂ ಕಾಯ್ತಿಲ್ಲದ ಕೆಲ್ಸ ಯಾವ್ಯಾವು ಅಂತ ನೋಡು, ಅಂದ್ರೆ ಮೂಲ ಗ್ರಾಫಲ್ಲಿ ಅದ್ರಿಂದ ಹೊರಗೆ ಹೋಗೋ ಎಡ್ಜೇ ಇರ್ಬಾರ್ದು. ಅವುಗಳಲ್ಲಿ ಅತಿ ದೊಡ್ಡ ನಂಬರ್ ತಗೊಂಡು ಎನ್ನನೇ ದಿನಕ್ಕೆ ಹಾಕು. ಅದನ್ನ ತೆಗೆದುಹಾಕಿ ಮತ್ತೆ ನೋಡು, ಅತಿ ದೊಡ್ಡದನ್ನ ಅದ್ರ ಹಿಂದಿನ ದಿನಕ್ಕೆ. ಹಿಂಗೇ 1ನೇ ದಿನದವರೆಗೆ ಬಾ. ಮ್ಯಾಕ್ಸ್ ಹೀಪ್, ಉಲ್ಟಾ ಗ್ರಾಫ್, ಹಿಂದ್ಲಿಂದ ತುಂಬೋದು, ಅಷ್ಟೇ.

ಏಳುಸುತ್ತು ಅಣ್ಣ ಕೊಟ್ಟ ಮೂರೂ ಕೇಸ್ ಹಾಕಿ ನೋಡು. 3 → 1 ಇರೋದ್ರಲ್ಲಿ ಯಾರೂ ಕಾಯ್ತಿಲ್ದವು 1, 2. ದೊಡ್ಡದು 2, ಅದು ಮೂರನೇ ದಿನ. ಆಮೇಲೆ 1, ಆಮೇಲೆ 3. 3 1 2 ಬಂತು. ಉಳಿದೆರಡನ್ನ ನೀನೇ ಮಾಡು, 2 3 4 1 ಮತ್ತೆ 4 2 3 1 ಬರ್ಬೇಕು.

ಹದಡಿರೋಡ್_ಹುಡ್ಗ
ಅಣ್ಣಾ ಮೂರೂ ಬಂತು!! ಆದ್ರೆ ಒಂದು ಮಾತು. ಮುಂದಿಂದ ಚಿಕ್ಕದು ತಗೊಂಡ್ರೆ ತಪ್ಪು, ಹಿಂದ್ಲಿಂದ ದೊಡ್ಡದು ತಗೊಂಡ್ರೆ ಸರಿ. ಎರಡೂ ಗ್ರೀಡಿನೇ ತಾನೇ, ಆ ಕ್ಷಣಕ್ಕೆ ಒಳ್ಳೇದು ಕಂಡಿದ್ದನ್ನೇ ತಗೊಂತಾ ಹೋಗೋದು, ಎರಡೂ ಕನ್ನಡಿ ಇಟ್ಟಂಗೆ ಒಂದೇ ಥರ ಕಾಣ್ತವೆ. ಇದು ಮಾತ್ರ ಯಾಕೆ ಸರಿ ಅಂತ ನಂಬೋದು? ನಿನ್ನೆ ನಂದೂ ಸರಿ ಅಂತಾನೇ ನಂಬಿದ್ದೆ.

ಏಳುಸುತ್ತು
ಈ ಥ್ರೆಡ್ಡಲ್ಲಿ ಇಲ್ಲಿವರ್ಗೂ ಬಂದ ಅತಿ ಒಳ್ಳೆ ಪ್ರಶ್ನೆ ಇದು. ಭಟ್ಟಿ ಅಣ್ಣಾರು ಬರೀಲಿ, ನಾನು ಊಟಕ್ಕೆ ಹೋಗ್ತೀನಿ.

ಭಟ್ಟಿ_ಮನೆ
ಯಾರೂ ಕಾಯ್ತಿಲ್ದವುಗಳಲ್ಲಿ ದೊಡ್ಡ ನಂಬರಿಂದು ದ ಅಂತ ಇಟ್ಕೊ. ಯಾರೋ ಒಬ್ಬ ಬಂದು "ನನ್ ಹತ್ರ ಬೇರೆ ಆರ್ಡರ್ ಐತೆ, ಅದ್ರಲ್ಲಿ ದ ಕೊನೇಲಿಲ್ಲ, ಮಧ್ಯ ಎಲ್ಲೋ ಐತೆ, ನಂದೇ ಬೆಸ್ಟು" ಅಂತಾನೆ ಅನ್ಕೋ. ನೀನು ಅವನ ಸಾಲಿಂದ ದ ಕಿತ್ತು ಕೊನೆಗೆ ಹಾಕು. ಷರತ್ತು ಮುರೀತಾ? ಇಲ್ಲ, ದ ಮುಗೀಲಿ ಅಂತ ಕಾಯೋರೇ ಇಲ್ಲ, ಎಷ್ಟು ತಡ ಆದ್ರೂ ಯಾರಿಗೂ ತೊಂದ್ರೆ ಇಲ್ಲ. ದ ಹಿಂದೆ ನಿಂತಿದ್ದೋರೆಲ್ಲ ಒಂದೊಂದು ದಿನ ಮುಂದೆ ಬಂದ್ರು. ತಡ ಆಗಿದ್ದು ದ ಒಂದೇ. ಈಗ ಅವನ ಸಾಲಿನ ಕೊನೇಲಿದ್ದ ಕೆಲ್ಸ ನೋಡು, ತ ಅನ್ನೋಣ. ಕೊನೇಲಿ ಇತ್ತು ಅಂದ್ರೆ ತ ಹಿಂದೇನೂ ಯಾರೂ ಕಾಯ್ತಿರ್ಲಿಲ್ಲ. ಅಂಥವುಗಳಲ್ಲಿ ದೊಡ್ಡದು ದ ಅಂತ ನಾವೇ ಆರಿಸಿದ್ದು, ಹಂಗಾಗಿ ತ ನಂಬರ್ ದಗಿಂತ ಚಿಕ್ಕದು. ಆ ತ ಒಂದು ದಿನ ಬೇಗ ಆಯ್ತು. ದಗಿಂತ ಚಿಕ್ಕ ನಂಬರಿನೋವು ಯಾವೂ ತಡ ಆಗ್ಲಿಲ್ಲ, ತ ಅಂತೂ ಖಂಡಿತ ಬೇಗ ಆಯ್ತು. ಅಂದ್ಮೇಲೆ ಅವನ ಆರ್ಡರ್ ಬೆಸ್ಟ್ ಅಲ್ವೇ ಅಲ್ಲ. ದ ಕೊನೆಗೇ ಇರ್ಬೇಕು. ದ ತೆಗೆದ ಮೇಲೆ ಉಳಿದದ್ದು ಎನ್-1 ಕೆಲ್ಸದ ಅದೇ ಪ್ರಾಬ್ಲಮ್ಮು.

ಇದಕ್ಕೆ ಎಕ್ಸ್‌ಚೇಂಜ್ ಆರ್ಗ್ಯುಮೆಂಟ್ ಅಂತಾರೆ, ಬೇರೆಯೋನ ಉತ್ತರ ತಗೊಂಡು ಒಂದು ಜಾಗ ಅದಲು ಬದಲು ಮಾಡಿ ಕೆಡಲಿಲ್ಲ ಅಂತ ತೋರ್ಸೋದು.

ಈಗ ಇದನ್ನೇ ಮುಂದಿಂದ ಮಾಡಕ್ಕೆ ಹೋಗು. ಖಾಲಿ ಇರೋವುಗಳಲ್ಲಿ ಚಿಕ್ಕದನ್ನ ಕಿತ್ತು ಮೊದ್ಲನೇ ದಿನಕ್ಕೆ ತಂದೆ. ಷರತ್ತು ಮುರಿಯಲ್ಲ, ಸರಿ. ಆದ್ರೆ ಅದ್ರ ಮುಂದಿದ್ದೋರೆಲ್ಲ ಒಂದೊಂದು ದಿನ ಹಿಂದಕ್ಕೆ ಹೋದ್ರು, ಅವ್ರಲ್ಲಿ 1 ಇದ್ರೆ? 3 1 2ರಲ್ಲಿ 2ನ್ನ ಮುಂದಕ್ಕೆ ತಂದ್ರೆ 2 3 1, 1 ತಡ ಆಯ್ತು. ಕನ್ನಡಿ ಅಂತ ಅಂದ್ಯಲ್ಲ, ಕನ್ನಡಿ ಅಲ್ಲ ಅದು. ಹಿಂದಕ್ಕೆ ಹೋಗೋನು ತಾನೊಬ್ನೇ ನಷ್ಟ ಮಾಡ್ಕೊಂತಾನೆ, ಉಳಿದೋರಿಗೆಲ್ಲ ಲಾಭ. ಮುಂದಕ್ಕೆ ನುಗ್ಗೋನು ತಾನೊಬ್ನೇ ಲಾಭ ಮಾಡ್ಕೊಂಡು ಉಳಿದೋರನ್ನೆಲ್ಲ ಹಿಂದೆ ತಳ್ತಾನೆ. ಬೆಣ್ಣೆದೋಸೆ ಹೋಟ್ಲಲ್ಲಿ ಟೋಕನ್ ಹಿಡ್ಕೊಂಡು ನಿಂತಾಗ ಇದು ಎಲ್ರಿಗೂ ಅರ್ಥ ಆಗುತ್ತೆ, ಕೋಡ್ ಬರೆಯುವಾಗ ಮರ್ತೋಗುತ್ತೆ.

ಖಾರ_ಮಂಡಕ್ಕಿ
ದೋಸೆ ಎಕ್ಸಾಂಪಲ್ ಕೊಟ್ಟಿದ್ದಕ್ಕೆ ನಂಗೂ ಅರ್ಥ ಆಯ್ತು. ಮೊದ್ಲೇ ಹೇಳ್ಬಾರ್ದಾ.

ಸಂತೆಹೊಂಡ
ಗ್ರೀಡಿ ನಂಬೋದು ಬಿಡೋದು ಅಂತ ಮಾತು ಬಂತಲ್ಲ, ಒಂದು ಹಳೇ ಕಥೆ. ದುರ್ಗದಲ್ಲಿ ಸಂತೆಹೊಂಡದ ಹತ್ರ ನಮ್ಮಪ್ಪಂದು ಕಿರಾಣಿ ಅಂಗಡಿ ಇತ್ತು, ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆ ಮೇಲೆ ನನ್ನ ಕೂರ್ಸೋರು. ಆಗ 50 ಪೈಸೆ, 25 ಪೈಸೆ, 20 ಪೈಸೆ, 10, 5 ಎಲ್ಲಾ ಓಡ್ತಿದ್ವು. ಚಿಲ್ಲರೆ ಕೊಡೋದು ಹೆಂಗೆ ಅಂದ್ರೆ ದೊಡ್ಡ ನಾಣ್ಯದಿಂದ ಶುರು ಮಾಡು ಅಂತ ಅಪ್ಪ ಹೇಳ್ಕೊಟ್ಟಿದ್ರು. 40 ಪೈಸೆ ವಾಪಸ್ ಕೊಡ್ಬೇಕು, ನಾನು ನಾಲ್ಕಾಣೆ, 10 ಪೈಸೆ, 5 ಪೈಸೆ ಅಂತ ಮೂರು ನಾಣ್ಯ ಎಣಿಸ್ತಿದ್ದೆ. ಒಬ್ಬ ಅಜ್ಜಿ "ಯಾಕೋ ಮಗಾ, ಎರಡು ಇಪ್ಪತ್ತು ಪೈಸೆ ಕೊಡಾಕಿಲ್ವಾ" ಅಂದ್ಲು. ಅಷ್ಟೇ, ಮೂರಿದ್ದದ್ದು ಎರಡಾಯ್ತು. 20 ಮತ್ತೆ 25 ಎರಡೂ ಇರೋದ್ರಿಂದ ಗ್ರೀಡಿ ಕೆಡ್ತು. ಈಗಿನ 1, 2, 5, 10, 20 ರೂಪಾಯಿ ನಾಣ್ಯಕ್ಕೆ ದೊಡ್ಡದರಿಂದ ಶುರು ಮಾಡೋದು ಯಾವಾಗ್ಲೂ ಸರಿ. 25 ಪೈಸೆ ಮತ್ತೆ ಅದಕ್ಕಿಂತ ಸಣ್ಣವೆಲ್ಲ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದ್ವು, ನಮ್ಮಪ್ಪನ ಹತ್ರ ಒಂದು ಡಬ್ಬಿ ತುಂಬ ಹಂಗೇ ಉಳ್ಕೊಂಡಾವೆ.

ಒಂದೇ ರೂಲು, ಒಂದೇ ಕೋಡು, ಡಬ್ಬಿಲಿರೋ ನಾಣ್ಯ ಬದ್ಲಾದ್ರೆ ತಪ್ಪು. ಅದಕ್ಕೇ ನಾನು ಗ್ರೀಡಿ ಅಂದ ತಕ್ಷಣ ಮೊದ್ಲು ಒಡೆಯೋಕೆ ನೋಡ್ತೀನಿ.

ರಿಕರ್ಶನ್_ರಾಣಿ
ಸೂಪರ್ ಅಣ್ಣಾ. ಪುಸ್ತಕದಲ್ಲಿ 1, 3, 4 ನಾಣ್ಯ ಇಟ್ಟು 6 ಮಾಡು ಅಂತ ಕೊಟ್ಟಿರ್ತಾರೆ, 3 ರೂಪಾಯಿ ನಾಣ್ಯ ಯಾವ ದೇಶದಲ್ಲೈತೆ ಅಂತ ನಂಗೆ ಅನ್ನಿಸ್ತಿತ್ತು.

ಅಂದಂಗೆ ಲೀಟ್‌ಕೋಡ್ 630, ಕೋರ್ಸ್ ಶೆಡ್ಯೂಲ್ 3, ಅದೂ ಹಿಂಗೇ ಹಿಂದ್ಲಿಂದ ಮಾಡೋದಾ? ಹೆಸ್ರು ನೋಡಿದ್ರೆ ಇದರ ತಮ್ಮ ಇದ್ದಂಗೈತೆ.

ನೆರಳು_ಗಡಿಯಾರ
ಹೆಸ್ರಷ್ಟೇ. ಅದ್ರಲ್ಲಿ ಎಡ್ಜೇ ಇಲ್ಲಮ್ಮಾ, ಗ್ರಾಫೇ ಇಲ್ಲ. ಪ್ರತಿ ಕೋರ್ಸಿಗೂ ಎಷ್ಟು ದಿನ ಬೇಕು, ಯಾವ ದಿನದೊಳಗೆ ಮುಗೀಬೇಕು ಅಂತ ಕೊಟ್ಟು, ಹೆಚ್ಚೆಂದ್ರೆ ಎಷ್ಟು ಮುಗಿಸ್ಬಹುದು ಅಂತ ಕೇಳ್ತಾರೆ. ಕೊನೇ ದಿನದ ಪ್ರಕಾರ ಸಾರ್ಟ್ ಮಾಡಿ ಒಂದೊಂದೇ ತಗೊಂತಾ ಹೋಗು, ಟೈಮ್ ಮೀರಿದ ತಕ್ಷಣ ಇದುವರೆಗೆ ತಗೊಂಡದ್ರಲ್ಲಿ ಅತಿ ಉದ್ದದ್ದನ್ನ ಆಚೆ ಎಸಿ. 4 ದಿನದ್ದು 5ರೊಳಗೆ, 3 ದಿನದ್ದು 6ರೊಳಗೆ, 2 ದಿನದ್ದು 7ರೊಳಗೆ ಅಂತಿದ್ರೆ, 4 ತಗೊಂಡೆ, 3 ಸೇರ್ಸಿದ್ರೆ 7 ಆಯ್ತು, 6 ಮೀರ್ತು, 4ನ್ನ ಎಸೆದೆ, 3 ಉಳೀತು, 2 ಸೇರ್ಸಿದ್ರೆ 5, ಸರಿ. ಎರಡು ಕೋರ್ಸ್. ಇದು ಮೂರ್ (Moore) ಅನ್ನೋರು 1968ರಲ್ಲಿ ಬರೆದ ಪೇಪರಿನ ವಿಷ್ಯ. ಫ್ಯಾಕ್ಟರೀಲಿ ಒಂದು ಮೆಷಿನ್, ಎಷ್ಟು ಆರ್ಡರ್ ತಡ ಆಗ್ತವೆ ಅನ್ನೋ ಲೆಕ್ಕ ಅದು.

ಭಟ್ಟಿ_ಮನೆಯವ್ರು ಹೇಳಿದ ಹಿಂದ್ಲಿಂದ ಬರೋ ಉಪಾಯಕ್ಕೂ ಹೆಸರಿದೆ, ಅಥವಾ ಅದ್ರ ಅಣ್ಣನಿಗೆ ಅನ್ನೋಣ. 1973ರಲ್ಲಿ ಯೂಜೀನ್ ಲಾಲರ್ ಬರೆದದ್ದು. ಒಂದೇ ಮೆಷಿನ್, ಕೆಲ್ಸಗಳ ಮಧ್ಯ ಮುಂಚೆ ಆಮೇಲೆ ಅನ್ನೋ ಷರತ್ತು, ಪ್ರತಿ ಕೆಲ್ಸಕ್ಕೂ ತಡ ಆದಷ್ಟೂ ಏರೋ ಒಂದು ದಂಡ. ಅತಿ ದೊಡ್ಡ ದಂಡ ಎಷ್ಟು ಚಿಕ್ಕದು ಮಾಡ್ಬಹುದು? ಉತ್ತರ: ಯಾರೂ ಕಾಯ್ತಿಲ್ಲದ ಕೆಲ್ಸಗಳಲ್ಲಿ, ಕೊನೇಲಿ ಮುಗಿದ್ರೆ ಯಾವುದರ ದಂಡ ಕಮ್ಮಿಯೋ ಅದನ್ನ ಕೊನೆಗೆ ಹಾಕು, ತೆಗಿ, ಮತ್ತೆ ಮಾಡು. ನೋಡಿ, ಭಟ್ಟಿ ಅಜ್ಜಂದೇ ಮಾತು. ಕಾಲೇಜಲ್ಲಿ ಪಾಠ ಮಾಡುವಾಗ ನಾನು ಕಾನ್ ಅಲ್ಗಾರಿದಮ್ (ಇನ್‌ಡಿಗ್ರಿ ಸೊನ್ನೆ ಇರೋದನ್ನ ತೆಗೀತಾ ಹೋಗೋದು) ಹೇಳಿ ಅಲ್ಲಿಗೇ ನಿಲ್ಲಿಸ್ತಿದ್ದೆ, ಸಿಲಬಸ್ಸಲ್ಲಿ ಅಷ್ಟೇ ಇರೋದು. ಆರ್ಥರ್ ಕಾನ್ ಅದನ್ನ 1962ರಲ್ಲಿ ಪ್ರಕಟಿಸಿದ್ದು ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಕೆಲಸಗಳನ್ನ ಸಾಲಾಗಿ ಜೋಡಿಸೋಕೆ, ಆಗ ಯಾವುದೋ ಒಂದು ಸರಿಯಾದ ಸಾಲು ಸಿಕ್ಕಿದ್ರೆ ಸಾಕಿತ್ತು. ಯಾವ ಸಾಲು ಒಳ್ಳೇದು ಅನ್ನೋ ಪ್ರಶ್ನೆ ಬಂದಾಗ್ಲೇ ಹೀಪು, ಗ್ರೀಡಿ, ಪ್ರೂಫು ಎಲ್ಲ ಶುರುವಾಗೋದು.

ಆದ್ರೆ ಹಿಂದ್ಲಿಂದ ಬಂದ್ರೆ ಎಲ್ಲಾ ಬಗೆಹರಿಯುತ್ತೆ ಅಂತ ತಿಳ್ಕೋಬೇಡಿ. ಪ್ರತಿ ಕೆಲ್ಸಕ್ಕೂ ಒಂದು ತೂಕ, ಅದು ಮುಗಿಯೋ ದಿನಕ್ಕೆ ತೂಕ ಗುಣಿಸಿ ಎಲ್ಲಾ ಕೂಡಿಸಿದ ಮೊತ್ತ ಕಮ್ಮಿ ಆಗ್ಬೇಕು ಅಂತ ಕೇಳಿದ್ರೆ, ಷರತ್ತು ಇಲ್ಲದಿದ್ರೆ ತೂಕವನ್ನ ಸಮಯದಿಂದ ಭಾಗಿಸಿ ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿದ್ರೆ ಮುಗೀತು, 1956ರ ಸ್ಮಿತ್ ರೂಲು. ಮುಂಚೆ ಆಮೇಲೆ ಷರತ್ತು ಸೇರಿಸಿದ್ರೋ, ಅದು ಎನ್‌ಪಿ ಹಾರ್ಡ್ ಆಗಿಬಿಡುತ್ತೆ, ಅಂದ್ರೆ ಬೇಗ ಬಿಡಿಸೋ ದಾರಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹದಡಿರೋಡ್_ಹುಡ್ಗ
ಮೇಡಂ ನೀವು ಪಾಠ ಮಾಡೋರಾ, ಥ್ಯಾಂಕ್ಸ್ ಮೇಡಂ. ಪೈಥಾನಲ್ಲಿ ಬರೆದೆ, ಆದ್ರೆ ಟೈಮ್ ಮೀರ್ತಿದೆ. ಸಿಎಸ್ಇಎಸ್‌ನಲ್ಲಿ ಹಾಕಿದ್ದೆ. ರಿಕರ್ಶನ್ ಇಲ್ಲ, ಹೀಪ್ ಒಂದೇ.

ಏಳುಸುತ್ತು
ಊಟ ಆಯ್ತು. ಪೈಥಾನಿನ ಹೀಪ್‌ಕ್ಯೂ ಮಿನ್ ಹೀಪ್, ಮ್ಯಾಕ್ಸ್ ಬೇಕು ಅಂದ್ರೆ ನಂಬರಿಗೆ ಮೈನಸ್ ಹಾಕಿ ತಳ್ಳು, ತೆಗೆಯುವಾಗ ಮತ್ತೆ ಮೈನಸ್. ಸಿ ಪ್ಲಸ್ ಪ್ಲಸ್‌ನ ಪ್ರಯಾರಿಟಿ ಕ್ಯೂ ತಾನಾಗೇ ಮ್ಯಾಕ್ಸು, ಅಲ್ಲಿ ಏನೂ ಮಾಡೋದು ಬೇಡ. ನೀನು ಪ್ರತಿ ಸಲ ಲಿಸ್ಟ್ ಸಾರ್ಟ್ ಮಾಡ್ತಿಲ್ಲ ತಾನೇ? 2 ಲಕ್ಷ ಸಾಲನ್ನ ಇನ್‌ಪುಟ್ ಫಂಕ್ಷನ್ನಲ್ಲಿ ಒಂದೊಂದಾಗಿ ಓದ್ತಿದ್ರೂ ಅಲ್ಲೇ ಟೈಮ್ ಹೋಗುತ್ತೆ, ಎಲ್ಲಾ ಒಂದೇ ಸಲ ಸಿಸ್ ಸ್ಟ್ಯಾಂಡರ್ಡ್ ಇನ್‌ಪುಟ್ಟಿಂದ ಓದಿ ಸ್ಪ್ಲಿಟ್ ಮಾಡ್ಕೊ.

ಹದಡಿರೋಡ್_ಹುಡ್ಗ
ಇನ್‌ಪುಟ್ ಫಂಕ್ಷನ್ನೇ ಇತ್ತು 🤦 ಬದ್ಲಾಯಿಸ್ತೀನಿ.

ಕೋಟೆ_ಕೆಳಗೆ
ಮಧ್ಯ ಬಂದೆ ಸಾರಿ. ನಂದು ಬೇರೆ ತೊಂದ್ರೆ, ಆದ್ರೆ ಟೋಪೋನೇ. ಸೈಕಲ್ ಇಲ್ಲ ಅಂತ ಕೊಟ್ಟಿದ್ರೂ ನನ್ ಕೋಡ್ ಸೈಕಲ್ ಐತೆ ಅಂತೈತೆ. ಚಿಕ್ಕ ಟೆಸ್ಟಲ್ಲಿ ಸರಿ ಬರುತ್ತೆ, ದೊಡ್ಡದ್ರಲ್ಲಿ ಕೆಡುತ್ತೆ. ಮೂರು ಸಲ ಪೂರ್ತಿ ಅಳಿಸಿ ಬರೆದೆ.

ಸಂತೆಹೊಂಡ
ಪಕ್ಕದ ನೋಡುಗಳನ್ನ ಲಿಸ್ಟಲ್ಲಿ ಇಟ್ಟಿದೀಯಾ ಸೆಟ್ಟಲ್ಲಾ?

ಕೋಟೆ_ಕೆಳಗೆ
ಸೆಟ್. ಡೂಪ್ಲಿಕೇಟ್ ಬರ್ಬಾರ್ದು ಅಂತ.

ಸಂತೆಹೊಂಡ
ಅಲ್ಲೇ ಐತೆ ನೋಡು. ಇನ್‌ಪುಟ್ಟಲ್ಲಿ 5 → 8 ಎರಡು ಸಲ ಬಂದಿರುತ್ತೆ. ಸೆಟ್ಟಲ್ಲಿ ಒಂದೇ ಸಲ ಕೂತ್ಕೊಂತು, ಆದ್ರೆ 8ರ ಇನ್‌ಡಿಗ್ರಿಯನ್ನ ನೀನು ಪ್ರತಿ ಸಾಲಿಗೂ ಒಂದೊಂದು ಏರಿಸ್ತಿದೀಯ, ಹಂಗಾಗಿ ಅದು 2. ಮುಂದೆ 5 ತೆಗೆದಾಗ ಒಂದೇ ಸಲ ಇಳಿಸ್ತೀಯ, 1 ಉಳ್ಕೊಂತು, 8 ಯಾವತ್ತೂ ಸೊನ್ನೆ ಆಗಲ್ಲ, ಸೈಕಲ್ ಅನ್ನುತ್ತೆ. ಲಿಸ್ಟ್ ಹಾಕಿದ್ರೆ ಎರಡು ಸಲ ಏರಿಸಿ ಎರಡು ಸಲ ಇಳಿಸ್ತೀಯ, ಸರಿ ಹೋಗುತ್ತೆ. ಇಲ್ಲಾಂದ್ರೆ ಸೆಟ್ಟಲ್ಲಿ ಹೊಸದಾಗಿ ಸೇರಿದಾಗ ಮಾತ್ರ ಏರಿಸು. ಚಿಕ್ಕ ಟೆಸ್ಟಲ್ಲಿ ಡೂಪ್ಲಿಕೇಟ್ ಹಾಕಿರಲ್ಲ, ಅದಕ್ಕೇ ಪಾಸು.

ಬಾತಿಗುಡ್ಡ
ಇದನ್ನ ನಾನು ಒಂದು ಪೂರ್ತಿ ರಾತ್ರಿ ಹುಡುಕಿದೀನಿ ಒಂದು ಕಾಲದಲ್ಲಿ. ಹಾಳಾಗ್ ಹೋಗ್ಲಿ ಆ ಸೆಟ್ಟು.

ಪೈಥಾನ್ 3.9ರಿಂದ ಗ್ರಾಫ್‌ಲಿಬ್ ಅಂತ ಬಂದೈತೆ, ಟೋಪಲಾಜಿಕಲ್ ಸಾರ್ಟರ್ ರೆಡಿನೇ ಸಿಗುತ್ತೆ. ಆದ್ರೆ ಈ ಪ್ರಾಬ್ಲಮ್ಮಿಗೆ ಅದು ಉಪಯೋಗಕ್ಕೆ ಬರಲ್ಲ, ಯಾವ್ದೋ ಒಂದು ಸರಿ ಸಾಲು ಕೊಡುತ್ತೆ ಅಷ್ಟೇ, ನಮ್ಗೆ ಬೇಕಾದ ಸಾಲಲ್ಲ.

ಏಳುಸುತ್ತು
ಹದಡಿರೋಡ್ ತಮ್ಮಾ, ಸಬ್ಮಿಟ್ ಮಾಡೋಕೆ ಮುಂಚೆ ಒಂದು ಕೆಲ್ಸ ಮಾಡು, ಮುಂದೆ ಟೆಸ್ಟಲ್ಲಿ ಗಂಟೆಗಟ್ಟಲೆ ಉಳಿಯುತ್ತೆ. ಎನ್ 6 ಅಥವಾ 7 ಇಟ್ಕೊಂಡು ಸುಮ್ನೆ ಯಾವ್ಯಾವುದೋ ಎಡ್ಜ್ ಹುಟ್ಟಿಸೋ ಒಂದು ಚಿಕ್ಕ ಕೋಡ್. ಸೈಕಲ್ ಬರ್ಬಾರ್ದು ಅಂದ್ರೆ ಮೊದ್ಲು ನಂಬರ್ ಕಲಸಿ ಒಂದು ಸಾಲು ಮಾಡ್ಕೊ, ಸಾಲಲ್ಲಿ ಮುಂದಿರೋದ್ರಿಂದ ಹಿಂದಿರೋದಕ್ಕೆ ಮಾತ್ರ ಎಡ್ಜ್ ಹಾಕು. ಇಲ್ಲಿ ಒಂದು ಹುಷಾರು, ಕಲಸೋದು ಮರ್ತು ಬರೀ ಚಿಕ್ಕ ನಂಬರಿಂದ ದೊಡ್ಡ ನಂಬರಿಗೆ ಎಡ್ಜ್ ಹಾಕಿಬಿಟ್ರೆ ನಿನ್ ಹಳೇ ಮಿನ್ ಹೀಪ್ ಕೋಡೂ ಪಾಸಾಗುತ್ತೆ, ಯಾಕಂದ್ರೆ ಆಗ 1 2 3 4 ಅಂತ ಹಂಗೇ ಬರೆದ್ರೂ ಸರಿನೇ. ಆ ಟೆಸ್ಟಲ್ಲಿ ನಿಂಗೆ 4 ಪಾಸಾಗಿದ್ವಲ್ಲ, ಅಂಥವೇ ಇರ್ಬೇಕು ಅಂತ ನನ್ ಅನುಮಾನ. ಆಮೇಲೆ ಎಲ್ಲಾ ಪರ್ಮ್ಯುಟೇಶನ್ ಹಾಕಿ ನೋಡೋ ದಡ್ಡ ಕೋಡ್ ಒಂದು, 7ಕ್ಕೆ ಬರೀ 5040 ಬರ್ತವೆ. ನಿನ್ ಕೋಡ್ ಉತ್ತರ, ದಡ್ಡನ ಉತ್ತರ, ಎರಡೂ ಹೋಲಿಸು, ಬೇರೆ ಬಂದ ತಕ್ಷಣ ನಿಲ್ಲಿಸಿ ಪ್ರಿಂಟ್ ಮಾಡು. 3 → 1 ಅನ್ನೋ ಕೇಸ್ ನಾನೇನು ತಲೆಯಿಂದ ತೆಗೀಲಿಲ್ಲ, ನಾನು ಬಿದ್ದಾಗ ದಡ್ಡ ಕೋಡೇ ಹುಡುಕಿ ಕೊಟ್ಟಿದ್ದು.

ಹದಡಿರೋಡ್_ಹುಡ್ಗ
ಬರೆದೆ ಅಣ್ಣಾ. ಹಳೇ ಕೋಡ್ ಹಾಕಿ ಓಡಿಸಿದ್ರೆ ಎರಡನೇ ಸುತ್ತಲ್ಲೇ ಸಿಕ್ತು. ಎರಡನೇದು! ಆವತ್ತು ಟೆಸ್ಟಲ್ಲಿ ಅಷ್ಟೊತ್ತು ಕಣ್ಣಲ್ಲಿ ಹುಡುಕಿದ್ದು. ಹೊಸ ಕೋಡ್ ಹಾಕಿ ಊಟಕ್ಕೆ ಹೋಗಿ ಬಂದೆ, 2000 ಸುತ್ತು ಮುಗಿದೈತೆ, ಒಂದೂ ಬೇರೆ ಬಂದಿಲ್ಲ. ಓದೋ ಭಾಗ ಬದ್ಲಾಯಿಸಿ ಸಿಎಸ್ಇಎಸ್‌ಗೆ ಹಾಕಿದೆ, ಎಲ್ಲಾ ಹಸಿರು.

ಭಟ್ಟಿ_ಮನೆ
ಭೇಷ್. ಭಾನುವಾರ ಊರಿಗೆ ಬರ್ತಿದೀನಿ, ಯಾರಾದ್ರೂ ಬರೋದಿದ್ರೆ ಭಟ್ಟಿ ಕಡೆ ಬರ್ರಿ, ಬಿಸಿ ಮಂಡಕ್ಕಿ ಕೊಡ್ತೀನಿ. ಒಲೆ ಮಾತ್ರ ನಾನ್ ಹಚ್ಚಲ್ಲ, ಚಿಕ್ಕಪ್ಪ ಬಿಡಲ್ಲ ಇವತ್ತಿಗೂ.

ಕೋಟೆ_ಕೆಳಗೆ
ಸೆಟ್ ತೆಗೆದು ಲಿಸ್ಟ್ ಹಾಕಿದೆ. ಪಾಸ್. ಮೂರು ಸಲ ಬರೆದಾಗ್ಲೂ ಆ ಒಂದು ಸಾಲು ಮಾತ್ರ ಹಂಗೇ ಇಟ್ಟಿದ್ದೆ.